ಎಗರುವ ನಾಯಿಯನ್ನು ಏನು ಮಾಡೋಣ?

ಕೊನೆ ಕೊಯ್ಯುವವರು ಸಿಗುವುದೇ ದುರ್ಲಭ. ಎಂಟು ದಿನ ಫೋನು ಮಾಡಿ, ಎರಡು ಸಲ ಅವರ ಮನೆಗೇ ಹೋಗಿ ಒಪ್ಪಿಸಿದ್ದಾಯ್ತು ಅನ್ನಿ. ಬೆಳಗ್ಗೆ ಏಳೂವರೆಗೆ ಬಂದವರು ಉಣುಗೋಲಿನ ಆಚೆಯೇ ನಿಂತು 'ಮೊದಲು ನಿಮ್ಮ ನಾಯಿ ಕಟ್ಟಿ ಮಾರಾಯ್ರೆ, ಆಮೇಲೆ ಬರ್ತೇವೆ' ಅನ್ನುತ್ತಾರೆ. ನಾಯಿ ಕಟ್ಟಿಯೇ ಇದೆ. ಆದರೂ ಸರಪಳಿ ತುಂಡಾಗುವ ಹಾಗೆ ಎಗರುತ್ತಾ ಇದೆ. ಸರಪಳಿ ಎಷ್ಟು ಗಟ್ಟಿ ಅಂತ ಬಂದವರಿಗೆ ಹೇಗೆ ಗೊತ್ತು? ಮುಂದಿನ ಕೊಯ್ಲಿಗೆ ಅವರು ಬೇರೆ ತೋಟ ನೋಡಿಕೊಳ್ಳುತ್ತಾರೆ.

ತೋಟದ ಮನೆಗಳಲ್ಲಿ ಇಂಥ ನಾಯಿ ಅಪರೂಪವಲ್ಲ. ಮನೆಯವರ ಹತ್ತಿರ ಹಸುವಿನ ಕರುವಿನಷ್ಟು ಸಾಧು. ಹೊರಗಿನವರು ಕಂಡರೆ ಮೈಮೇಲೆ ದೇವರು ಬಂದ ಹಾಗೆ. ಪಟ್ಟಣದಲ್ಲಿ ಇದಕ್ಕೆ 'ರಿಯಾಕ್ಟಿವ್' ನಾಯಿ ಅನ್ನುತ್ತಾರೆ. ಬೇರೆ ನಾಯಿ ಎರಡು ಸಲ ಬೊಗಳಿ ಬಿಟ್ಟುಬಿಡುವ ಸಂಗತಿಗೆ ಈ ನಾಯಿ ಹತ್ತು ಪಾಲು ಹೆಚ್ಚು ಸಿಡಿಯುತ್ತದೆ, ಅಷ್ಟೇ ಅರ್ಥ. ನಾವು ಎಗರುವ ನಾಯಿ ಅನ್ನೋಣ.

ಇಂಥದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಮದ್ದು. ಇಪ್ಪತ್ನಾಲ್ಕು ಗಂಟೆ ಸರಪಳಿ. ಇಲ್ಲವೇ ಬೊಗಳಿದಾಗೆಲ್ಲ ಬಡಿಗೆ. ಎರಡೂ ಆಗದಿದ್ದರೆ ಗೋಣಿಯಲ್ಲಿ ತುಂಬಿ ಹತ್ತು ಮೈಲಿ ಆಚೆಯ ಪೇಟೆಯಲ್ಲಿ ಬಿಟ್ಟು ಬರುವುದು. ಮೂರನೆಯದರಲ್ಲಿ ನಮ್ಮ ಸಮಸ್ಯೆ ಬೇರೆಯವರ ಮಕ್ಕಳ ಕಾಲಿಗೆ ಹೋಗುತ್ತದೆ, ಪರಿಹಾರ ಅಲ್ಲ. ಮೊದಲಿನ ಎರಡರಿಂದ ನಾಯಿ ಇನ್ನೂ ಕೆಡುತ್ತದೆ. ಯಾಕೆ ಕೆಡುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಸೊಕ್ಕು ಅನಿಸುತ್ತದೆ, ಒಳಗೆ ಪುಕ್ಕಲು

ಹಲ್ಲು ತೋರಿಸಿ ಎಗರುವ ನಾಯಿ ಶೂರ ಅಂತ ನಮ್ಮ ಎಣಿಕೆ. ಹೆಚ್ಚಿನ ಎಗರುವ ನಾಯಿಗಳು ಹೆದರುಪುಕ್ಕಲು. 'ದೂರ ಹೋಗು, ಹತ್ತಿರ ಬರಬೇಡ' ಎಂಬ ಮಾತನ್ನೇ ಅವು ಜೋರಾಗಿ ಹೇಳುವುದು. ಹೆದರಿದ ಪ್ರಾಣಿಗೆ ಇರುವ ದಾರಿ ಎರಡು: ಓಡುವುದು, ಇಲ್ಲ ಮೇಲೆ ಬೀಳುವುದು. ಸರಪಳಿಯಲ್ಲಿ ಕಟ್ಟಿದಿರಿ, ಓಡುವ ದಾರಿ ಮುಚ್ಚಿತು. ಉಳಿದದ್ದು ಒಂದೇ.

ನಾಯಿಯ ಕಣ್ಣಿನಿಂದ ಕೊನೆ ಕೊಯ್ಯುವವರನ್ನು ಒಮ್ಮೆ ನೋಡಿ. ಹೆಗಲ ಮೇಲೆ ಉದ್ದದ ದೋಟಿ, ಸೊಂಟಕ್ಕೆ ಕತ್ತಿ, ಕೈಯಲ್ಲಿ ಹಗ್ಗ, ತಲೆಗೆ ಮುಂಡಾಸು. ಮಳೆಗಾಲದಲ್ಲಿ ಬೋರ್ಡೋ ಹೊಡೆಯಲು ಬರುವವರ ಮೈಮೇಲೆ ಪ್ಲಾಸ್ಟಿಕ್ ಕೊಪ್ಪೆ, ಸುತ್ತ ಸುಣ್ಣ-ಮೈಲುತುತ್ತಿನ ವಾಸನೆ, ಗಟರ್ ಪಂಪಿನ ಸದ್ದು. ಬೈಕಿನವನ ತಲೆಗೆ ಹೆಲ್ಮೆಟ್ಟು, ಮುಖವೇ ಇಲ್ಲ. ಮನುಷ್ಯನ ಆಕಾರ ತಪ್ಪಿದ್ದೆಲ್ಲ ನಾಯಿಗೆ ಭೂತ.

ಇನ್ನೊಂದು ಸಂಗತಿ ಇದೆ, ಬಹಳ ಜನ ಗಮನಿಸಿಲ್ಲ. ಅಂಚೆಯವರು ಬರುತ್ತಾರೆ, ನಾಯಿ ಬೊಗಳುತ್ತದೆ, ಅವರು ಕಾಗದ ಕೊಟ್ಟು ಒಂದು ನಿಮಿಷದಲ್ಲಿ ಹೋಗುತ್ತಾರೆ. ಅವರು ಹೇಗೂ ಹೋಗುವವರೇ. ಆದರೆ ನಾಯಿಯ ಲೆಕ್ಕ ಬೇರೆ: 'ನಾನು ಬೊಗಳಿದೆ, ಅವನು ಓಡಿದ.' ದಿನವೂ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ? ಹಾಗಾಗಿಯೇ ಬಂದ ಕೂಡಲೇ ಹೋಗುವವರ ಮೇಲೆ ಈ ನಾಯಿಗಳ ಆರ್ಭಟ ವರ್ಷದಿಂದ ವರ್ಷಕ್ಕೆ ಏರುವುದು.

ಹೊಡೆತದಲ್ಲಿ ಏನಾಗುತ್ತದೆ? ಅಪರಿಚಿತ ಬಂದ, ಬೆನ್ನಿಗೆ ಏಟು ಬಿತ್ತು. 'ಈ ಜನ ಬಂದರೆ ನನಗೆ ನೋವು' ಎಂಬ ಪಾಠ ಗಟ್ಟಿಯಾಯಿತು. ಕರೆಂಟು ಹೊಡೆಯುವ ಬೆಲ್ಟು ಈಗ ಮನೆಬಾಗಿಲಿಗೇ ಪಾರ್ಸೆಲ್ ಬರುತ್ತದೆ. ಅದರ ಪಾಠವೂ ಇದೇ. ದಯವಿಟ್ಟು ತರಿಸಬೇಡಿ.

ಗುರ್ ಅನ್ನುವುದು ಗಂಟೆ

'ಏನೂ ಸೂಚನೆ ಕೊಡದೆ ಕಚ್ಚಿತು' ಅನ್ನುತ್ತಾರೆ. ಸೂಚನೆ ಇರುತ್ತದೆ, ನಮಗೆ ಓದಲು ಬರುವುದಿಲ್ಲ. ಮೊದಲು ಮುಖ ಆಚೆ ತಿರುಗಿಸುತ್ತದೆ. ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಆಮೇಲೆ ಬಾಯಿ ಮುಚ್ಚಿ ಮೈ ಸೆಟೆಸುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ. ನಂತರ ಗುರ್. ಕಡೆಗೆ ಹಲ್ಲು. ಬಾಲ ಆಡಿಸುತ್ತಿದೆಯಲ್ಲ ಅಂತ ನಂಬಬೇಡಿ. ಸಡಿಲವಾಗಿ ಸೊಂಟ ಸಮೇತ ಆಡುವ ಬಾಲ ಬೇರೆ, ಮೇಲೆತ್ತಿ ಕಡ್ಡಿಯ ಹಾಗೆ ಸೆಟೆದು ಅದುರುವ ಬಾಲ ಬೇರೆ.

ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಹೆದರಿಕೆ ಬಿಡುವುದಿಲ್ಲ. ಗಂಟೆ ಕಿತ್ತ ಹಾಗಾಯಿತು. ಇನ್ನು ಮುಂದೆ ಸೀದಾ ಹಲ್ಲೇ. ಗುರ್ ಅಂದರೆ ಬಂದವರನ್ನು ನಾಲ್ಕು ಹೆಜ್ಜೆ ಹಿಂದೆ ಕರೆಯಿರಿ.

ಮೊದಲು ದನದ ಡಾಕ್ಟರು

ನಿನ್ನೆ ಮೊನ್ನೆವರೆಗೆ ಸುಮ್ಮನಿದ್ದ ನಾಯಿ ಈಗ ಎಗರುತ್ತದೆ ಅಂದರೆ ಪಾಠ ಕಲಿಸಲು ಹೊರಡಬೇಡಿ. ಕಿವಿಯಲ್ಲಿ ಕೀವು, ಹಲ್ಲುನೋವು, ಬೆರಳ ಸಂದಿಯಲ್ಲಿ ಮುಳ್ಳು, ಉಣ್ಣೆಯಿಂದ ಬರುವ ಜ್ವರ, ಮುದಿ ನಾಯಿಗೆ ಸೊಂಟದ ಗಂಟುನೋವು: ಯಾವುದೂ ಇರಬಹುದು. ನೋವಿರುವ ನಾಯಿ ಸಿಡುಕುತ್ತದೆ. ನಾವೂ ಅಷ್ಟೇ ಅಲ್ಲವೇ.

ಹುಚ್ಚುನಾಯಿ ರೋಗದ ಮಾತು ಬೇರೆ. ಸ್ವಭಾವ ದಿಢೀರ್ ಬದಲಾಗಿ, ದವಡೆ ಜೋತು, ಜೊಲ್ಲು ಸುರಿದು, ಬೊಗಳುವ ಸ್ವರ ಕೆಟ್ಟು, ಕಂಡದ್ದನ್ನೆಲ್ಲ ಕಚ್ಚುತ್ತಿದ್ದರೆ ಹತ್ತಿರ ಹೋಗಲೇ ಬೇಡಿ. ಕೆಲವು ನಾಯಿಗಳು ಆರ್ಭಟಿಸದೆ ಮಂಕಾಗಿ ಮೂಲೆ ಸೇರುವುದೂ ಉಂಟು. ದೂರದಿಂದ ಮನೆಯವರನ್ನೂ ದನಗಳನ್ನೂ ಆಚೆ ಮಾಡಿ ಪಶುವೈದ್ಯರಿಗೆ ತಿಳಿಸಿ. ಎಗರುವ ನಾಯಿ ಇರುವ ಮನೆಯಲ್ಲಿ ಲಸಿಕೆ ತಪ್ಪಲೇಬಾರದು. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ವೈದ್ಯರು ಹೇಳಿದ ದಿನ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಹಾಕಿಸಿದ ಚೀಟಿಯನ್ನು ಪಹಣಿ ಇಟ್ಟ ಕಡೆಯೇ ಇಡಿ.

ಬೀಜ ಒಡೆಸಿದರೆ ಸರಿಹೋಗುತ್ತದೆಯೇ ಅಂತ ಕೇಳುವವರಿದ್ದಾರೆ. ಹೆಣ್ಣಿನ ಬೆನ್ನುಹತ್ತಿ ಊರು ಸುತ್ತುವುದು, ಗಂಡುನಾಯಿಗಳ ಜಗಳ ಕಡಿಮೆಯಾಗಬಹುದು. ಹೆದರಿಕೆಗೆ ಅದು ಮದ್ದಲ್ಲ.

ಜಾಗ ಬದಲಿಸಿದರೆ ಅರ್ಧ ಶಾಂತಿ

ನಮ್ಮಲ್ಲಿ ನಾಯಿ ಕಟ್ಟುವುದು ಎಲ್ಲಿ? ಅಂಗಳದ ಮೂಲೆಯಲ್ಲಿ, ದಾರಿಗೆ ಮುಖ ಮಾಡಿ. ಕಾವಲಿಗೆ ಅಂತ ತಾನೇ. ಎಗರುವ ನಾಯಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ದಿನಕ್ಕೆ ಹತ್ತು ಸಲ ಜನ ಕಾಣುತ್ತಾರೆ, ಹತ್ತು ಸಲ ಮೈ ಬಿಸಿ. ಒಮ್ಮೆ ಸಿಡಿದ ನಾಯಿಯ ಮೈ ತಣಿಯಲು ಬಹಳ ಹೊತ್ತು ಬೇಕು. ತಣಿಯುವ ಮೊದಲೇ ಇನ್ನೊಬ್ಬರು ಬಂದರೆ ಸಿಟ್ಟಿನ ಮೇಲೆ ಸಿಟ್ಟು ಪೇರಿಸುತ್ತದೆ. ಸಂಜೆ ಬಂದ ಹಾಲಿನ ಹುಡುಗನ ಮೇಲೆ ತೀರಿಸುವುದು ಬೆಳಗಿನಿಂದ ಪೇರಿಸಿದ್ದನ್ನು.

ನಾಯಿಯನ್ನು ಮನೆಯ ಹಿಂದಕ್ಕೋ ಕೊಟ್ಟಿಗೆಯ ಬದಿಗೋ ಒಯ್ಯಿರಿ. ದಾರಿ ಕಾಣದಿರುವುದು ಮುಖ್ಯ. ಕಾಣುವುದಾದರೆ ಸೋಗೆಯದೋ ಮಡಲಿನದೋ ತಟ್ಟಿ ಕಟ್ಟಿ ಮರೆ ಮಾಡಿ. ಕಾಸು ಖರ್ಚಿಲ್ಲದ ಈ ತಟ್ಟಿ ಮಾಡುವ ಉಪಕಾರವನ್ನು ಬೇರೆ ಯಾವುದೂ ಮಾಡದು. ಕಾವಲು ಹೋಯಿತಲ್ಲ ಅನ್ನಬೇಡಿ. ನಾಯಿಗೆ ಕಿವಿ-ಮೂಗು ಸಾಕು, ಯಾರು ಬಂದರೂ ಹಿಂದಿನಿಂದಲೇ ಹೇಳುತ್ತದೆ.

ಗಿಡ್ಡ ಸರಪಳಿಯ ಬದಲು ಓಡುತಂತಿ ಮಾಡಬಹುದು. ಎರಡು ಗಟ್ಟಿ ಮರ ಅಥವಾ ಕಂಬಗಳ ನಡುವೆ ಇಪ್ಪತ್ತು-ಮೂವತ್ತು ಅಡಿ ತಂತಿ, ಆಳೆತ್ತರಕ್ಕಿಂತ ಮೇಲೆ. ತಂತಿಗೊಂದು ಬಳೆ, ಬಳೆಗೆ ಹಗುರ ಸರಪಳಿ. ಮರಕ್ಕೆ ನಾಲ್ಕೈದು ಅಡಿ ಇರುವಾಗಲೇ ಬಳೆ ನಿಲ್ಲುವಂತೆ ತಂತಿಗೆ ಗಂಟು ಹಾಕಿ, ಇಲ್ಲದಿದ್ದರೆ ನಾಯಿ ಮರ ಸುತ್ತಿಕೊಂಡು ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ಹಾರಿ ನೇತಾಡುವಂಥ ಬೇಲಿ, ದರೆ, ಕಟ್ಟೆ ಇರಬಾರದು. ನೆರಳು, ನೀರು, ಮಳೆಗೆ ಮಾಡು ಬೇಕು. ಕುತ್ತಿಗೆಯ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಮೈ ಬಳಸಿ ಹಾಕುವ ಪಟ್ಟಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಎಗರಿದಾಗ ಗಂಟಲು ಹಿಸುಕುವುದಿಲ್ಲ. ತಂತಿ ಇದೆ ಅಂತ ಹಗಲಿಡೀ ಅಲ್ಲೇ ಬಿಡಬೇಡಿ. ಬೆಳಗ್ಗೆ ಜನ ಬರುವ ಮೊದಲು ಹಗ್ಗ ಹಿಡಿದು ತೋಟದಲ್ಲಿ ಅರ್ಧ ಗಂಟೆ ಸುತ್ತಿಸಿ, ನೀರು ಬಿಡಲು ಹೇಗೂ ಹೋಗುತ್ತೇವಲ್ಲ. ಮೂಸುತ್ತಾ ನಡೆದ ನಾಯಿಯ ತಲೆ ತಂಪಾಗಿರುತ್ತದೆ. ಅಂದ ಹಾಗೆ, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿಯುವುದು, ಸದಾ ಕಟ್ಟಿದ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ.

ಉಣುಗೋಲಿನ ಹತ್ತಿರ ಒಂದು ಹಳೇ ದನದ ಗಂಟೆ ನೇತು ಹಾಕಿ. 'ನಾಯಿ ಇದೆ. ಗಂಟೆ ಹೊಡೆದು ಅಲ್ಲೇ ನಿಲ್ಲಿ' ಅಂತ ಹಲಗೆ ಬರೆಸಿ. ಬರೇ 'ನಾಯಿ ಇದೆ ಎಚ್ಚರಿಕೆ' ಅಂದರೆ ಬಂದವರು ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ.

ದೂರ ಮತ್ತು ತಿಂಡಿ

ಇನ್ನು ಪಾಠ. ರಶಿಯಾದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಜೀರ್ಣಶಕ್ತಿಯ ಅಭ್ಯಾಸ ಮಾಡಿ 1904ರಲ್ಲಿ ನೊಬೆಲ್ ಪಡೆದವರು. ಊಟಕ್ಕೆ ಮೊದಲು ಕೇಳಿಸುವ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರಲು ಶುರುವಾಗುತ್ತದೆ ಅಂತ ತೋರಿಸಿಕೊಟ್ಟರು. ಹಟ್ಟಿಯಲ್ಲಿ ಹಿಂಡಿಯ ಬಕೆಟ್ ಸದ್ದಾದರೆ ಹಸು ಎದ್ದು ನಿಲ್ಲುವುದು ನಮಗೂ ಗೊತ್ತು. ಅದೇ ಇಲ್ಲಿಯ ಉಪಾಯ. 'ಅಪರಿಚಿತ ಬಂದರೆ ಭಯ' ಎಂಬುದನ್ನು 'ಅಪರಿಚಿತ ಬಂದರೆ ತಿಂಡಿ' ಅಂತ ತಿರುಗಿಸುವುದು.

ತಿಂಡಿ ನಾಯಿ ಪ್ರಾಣ ಬಿಡುವಂಥದ್ದು ಇರಬೇಕು. ಮೀನು ತಿನ್ನುವ ಮನೆಯಲ್ಲಿ ಉಪ್ಪಿಲ್ಲದ ಬೇಯಿಸಿದ ಮೀನಿನ ಚೂರು, ಇಲ್ಲದ ಮನೆಯಲ್ಲಿ ದೋಸೆ ಚೂರು, ಹಸಿ ಕೊಬ್ಬರಿ ತುಣುಕು. ಕಡಲೆ ಗಾತ್ರ ಸಾಕು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟು ನಾಯಿಗೆ ವಿಷ, ಕೊಡಬೇಡಿ.

ನೆರೆಮನೆಯ ಒಬ್ಬರನ್ನು ಒಪ್ಪಿಸಿ. ನೀವು ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಲ್ಲಿ. ಅವರು ನೂರು ಅಡಿ ಆಚೆ ಮರೆಯಿಂದ ಹೊರಗೆ ಬರಲಿ. ನಾಯಿ ನೋಡಿತು, ಕಿವಿ ನಿಮಿರಿತು, ಆದರೆ ಬೊಗಳಲಿಲ್ಲ. ಕೂಡಲೇ ತಿಂಡಿ. ಅವರು ಕಾಣುವಷ್ಟು ಹೊತ್ತು ಒಂದರ ಹಿಂದೆ ಒಂದು ಚೂರು. ಅವರು ಮರೆಯಾದರು, ತಿಂಡಿ ಬಂದ್. ಕ್ರಮ ತಪ್ಪಬಾರದು: ಮೊದಲು ಮನುಷ್ಯ, ಆಮೇಲೆ ತಿಂಡಿ. ತಿಂಡಿ ಮೊದಲು ತೋರಿಸಿದರೆ ನಾಯಿ ತಿಂಡಿಯ ಮೇಲೇ ಸಂಶಯ ಪಡಲು ಕಲಿಯುತ್ತದೆ.

ನೂರು ಅಡಿಗೂ ಬೊಗಳಿತೇ? ಹಾಗಾದರೆ ನೂರೈವತ್ತು. ಬೊಗಳಿದ್ದಕ್ಕೆ ಬಯ್ಯಬೇಡಿ, ದೂರ ಸಾಲಲಿಲ್ಲ ಅಂತ ಅರ್ಥ. ಪ್ರತಿ ನಾಯಿಗೂ ಒಂದು ಗಡಿ ಇದೆ, ಅದರಾಚೆ ಇರುವವರನ್ನು ಅದು ತಡೆದುಕೊಳ್ಳುತ್ತದೆ. ಆ ಗಡಿ ಹುಡುಕುವುದೇ ಮೊದಲ ವಾರದ ಕೆಲಸ. ಗಡಿ ದಾಟಿ ಸಿಡಿದ ನಾಯಿಗೆ ಬಾಯಿಗೆ ಇಟ್ಟರೂ ತಿಂಡಿ ಬೇಡ, ಪಾಠವೂ ಹತ್ತದು.

ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಸಲ. ಕೆಲವು ದಿನದಲ್ಲಿ ಒಂದು ಚಂದದ ಬದಲಾವಣೆ ಕಾಣುತ್ತದೆ. ಮನುಷ್ಯನನ್ನು ಕಂಡ ನಾಯಿ ತಟ್ಟನೆ ನಿಮ್ಮ ಮುಖ ನೋಡುತ್ತದೆ, 'ಎಲ್ಲಿ ನನ್ನ ಪಾಲು?' ಎಂಬ ಹಾಗೆ. ಅದಾದ ಮೇಲೆ ಮಾತ್ರ ಐದು ಅಡಿ ಹತ್ತಿರ. ಆಮೇಲೆ ಅದೇ ವ್ಯಕ್ತಿ ಕೊಪ್ಪೆ ಹಾಕಿ ಬರಲಿ, ಹೆಲ್ಮೆಟ್ ಹಾಕಿ ಬರಲಿ, ದೋಟಿ ಹಿಡಿದು ಬರಲಿ. ಹೊಸ ವೇಷ ಬಂದಾಗೆಲ್ಲ ಮತ್ತೆ ದೂರದಿಂದಲೇ ಶುರು. ಈಗಿನ ಕಾರ್ಬನ್ ಫೈಬರ್ ದೋಟಿ ಎಳೆಯುವಾಗ ಆಗುವ ಕರಕರ ಸದ್ದಿಗೆ ಬೇರೆಯೇ ಪಾಠ ಬೇಕಾಗಬಹುದು.

'ಬಂದವರ ಕೈಯಲ್ಲೇ ಬಿಸ್ಕತ್ತು ಕೊಡಿಸಿ, ದೋಸ್ತಿ ಆಗುತ್ತದೆ' ಎಂಬ ಸಲಹೆ ಎಲ್ಲ ಕಡೆ ಕೇಳುತ್ತೇವೆ. ಎಗರುವ ನಾಯಿಗೆ ಇದು ಅಪಾಯ. ಬಿಸ್ಕತ್ತಿನ ಆಸೆಗೆ ಹತ್ತಿರ ಹೋಗುತ್ತದೆ, ತಿಂದು ಮುಗಿದ ಕೂಡಲೇ ತಲೆ ಎತ್ತಿದರೆ ಹೆದರುವ ಮನುಷ್ಯ ಮೂಗಿನ ಬುಡದಲ್ಲಿ! ಕಚ್ಚುವುದು ಆಗಲೇ. ತಿಂಡಿ ಕೊಡುವವರು ಮನೆಯವರೇ ಇರಲಿ. ಬಂದವರು ಮಾಡಬೇಕಾದ್ದು ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಕೈ ಚಾಚದೆ, ಓಡದೆ ತಮ್ಮ ಪಾಡಿಗೆ ಹೋಗುವುದು.

ನಮ್ಮಲ್ಲಿರುವ ಕರಿಯ ಊರು ಬಿಟ್ಟುಹೋದ ನೆರೆಯವರ ನಾಯಿ. ನಮ್ಮ ಮನೆಗೆ ಬರುವಾಗ ಮೂರು ವರ್ಷ. ನಾಲ್ಕು ತಿಂಗಳ ಪಾಠದ ಮೇಲೆ ಕೆಲಸದವರು ಮೂವತ್ತು ಅಡಿಯಲ್ಲಿ ಓಡಾಡಿದರೆ ಮಲಗಿದಲ್ಲಿಂದಲೇ ನೋಡುತ್ತಾನೆ. ಹೆಲ್ಮೆಟ್ಟಿಗೆ ಇವತ್ತಿಗೂ ಆಗಿಬರುವುದಿಲ್ಲ. ಬೈಕಿನವರಿಗೆ ಉಣುಗೋಲಿನಲ್ಲೇ ಹೆಲ್ಮೆಟ್ ತೆಗೆಯಲು ಹೇಳುತ್ತೇವೆ. ಇಷ್ಟು ಸಾಕು. ಎಲ್ಲರ ಕಾಲು ನೆಕ್ಕುವ ನಾಯಿಯಾಗಿ ಅವನನ್ನು ಮಾಡಬೇಕೆಂಬ ಹಟ ನಮಗಿಲ್ಲ, ಅದು ಆಗುವ ಮಾತೂ ಅಲ್ಲ. ಬಂದ ನೆಂಟರ ಮಕ್ಕಳ ಜೊತೆ ಅವನನ್ನು ಒಂದು ಕ್ಷಣವೂ ಬಿಡುವುದಿಲ್ಲ.

ಪ್ರಗತಿ ನೇರ ಏಣಿ ಹತ್ತಿದ ಹಾಗೆ ಇರುವುದಿಲ್ಲ. ದೀಪಾವಳಿಯ ಪಟಾಕಿ, ಸಿಡಿಲು, ಹಂದಿ ಓಡಿಸಲು ಹೊಡೆಯುವ ಗರ್ನಾಲು, ಚಿರತೆ ಸುಳಿದ ರಾತ್ರಿ: ಇಂಥದ್ದಾದ ಮೇಲೆ ಎರಡು ಮೂರು ದಿನ ಪಾಠ ನಿಲ್ಲಿಸಿ, ಜನರಿಂದ ದೂರ ಇಡಿ. ಕೊಯ್ಲಿನ ದಿನವೂ ಪಾಠದ ದಿನ ಅಲ್ಲ. ಆಳುಗಳು ಬರುವ ಮೊದಲೇ ನಾಯಿಯನ್ನು ಕೋಣೆಯಲ್ಲೋ ಗೂಡಿನಲ್ಲೋ ಹಾಕಿ ಬಾಗಿಲು ಭದ್ರ ಮಾಡಿ. ಆ ಹೊತ್ತು ಕಳೆಯಲು ಹಸಿ ತೆಂಗಿನಕಾಯಿಯ ದೊಡ್ಡ ಸಿಪ್ಪೆಯೊಂದನ್ನು ಕಚ್ಚಲು ಕೊಟ್ಟರೆ ಸಾಕು, ನುಂಗದಂತೆ ಆಗಾಗ ನೋಡಿಕೊಳ್ಳಿ. 'ನಾಯಿ ಒಳಗಿದೆ, ಬೀಗ ಹಾಕಿದ್ದೇನೆ' ಅಂತ ಕೆಲಸದವರಿಗೆ ತೋರಿಸಿ ಹೇಳಿ. ಮರದ ತುದಿಯಲ್ಲಿ ಇರುವವನಿಗೆ ಕೆಳಗೆ ನಾಯಿ ಇದೆಯೋ ಎಂಬ ಯೋಚನೆ ಇರಬಾರದು.

ಡಾಕ್ಟರ ಹತ್ತಿರ ಒಯ್ಯುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥ ಬಾಯಿಬುಟ್ಟಿ ಬೇಕು. ಒಳಗೆ ಬಾಯಿ ತೆರೆದು ತೇಕುವಷ್ಟು ಜಾಗ ಇರಬೇಕು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ತೇಕಿಯೇ. ಹಗ್ಗದಲ್ಲಿ ಮೂತಿ ಬಿಗಿದು ಬಿಸಿಲಲ್ಲಿ ಆಟೋದಲ್ಲಿ ಕೂರಿಸಿದರೆ ಜೀವಕ್ಕೇ ಕುತ್ತು. ಒಂದು ವಾರ ಮೊದಲೇ ಬುಟ್ಟಿಯೊಳಗೆ ತಿಂಡಿ ಇಟ್ಟು ಮೂತಿ ತೂರಿಸುವುದನ್ನು ರೂಢಿ ಮಾಡಿಸಿ.

ಕಚ್ಚಿದರೆ

ನಾಯಿಗೆ ಲಸಿಕೆ ಆಗಿದ್ದರೂ ಮನುಷ್ಯನಿಗೆ ಚಿಕಿತ್ಸೆ ಬೇಕೋ ಬೇಡವೋ ಅಂತ ಹೇಳಬೇಕಾದವರು ವೈದ್ಯರು, ನಾವಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ಬಹಳ ದೀರ್ಘ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಅರಸಿನ ಯಾವುದೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊರಡುವ ಮೊದಲು ಲಸಿಕೆ ಇದೆಯೇ ಅಂತ ಫೋನು ಮಾಡಿ ಕೇಳಿದರೆ ಓಡಾಟ ತಪ್ಪುತ್ತದೆ. ಹೊಟ್ಟೆಗೆ 14 ಚುಚ್ಚುವ ಹಳೇ ಲಸಿಕೆಯ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಅದು ನಿಂತು ಇಪ್ಪತ್ತು ವರ್ಷ ಆಯಿತು. ಈಗ ತೋಳಿಗೆ. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಇನ್ನೊಂದು ಮದ್ದನ್ನು ಗಾಯದ ಸುತ್ತಲೇ ಚುಚ್ಚಬೇಕು, ಅದನ್ನು ಕೇಳಿ ಪಡೆಯಿರಿ. ಎರಡು ಚುಚ್ಚಿಸಿ ಮೂರನೆಯದನ್ನು ಬಿಡುವವರು ತುಂಬ. ಕಚ್ಚಿದ್ದು ನಮ್ಮ ನಾಯಿಯಾದರೆ ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಕರೆದೊಯ್ದು ಖರ್ಚು ಕೊಡುವುದು ನಮ್ಮ ಕೆಲಸ. ನಾಯಿಯನ್ನು ಹತ್ತು ದಿನ ಕಟ್ಟಿ ನೋಡುತ್ತಿರಬೇಕು, ಕೊಲ್ಲಬಾರದು, ಓಡಿಸಬಾರದು.

ಕಾನೂನೂ ಇದೆ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮುಂದಿನ ಮರಿ ತರುವವರಿಗೆ

ಒಂಟಿ ಮನೆಯ ನಾಯಿಗಳೇ ಹೆಚ್ಚು ಎಗರುವುದಕ್ಕೆ ಕಾರಣ ಇದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಹುಟ್ಟಿ ಮೂರು ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕು ವಾರದೊಳಗೆ ಮರಿ ಯಾರನ್ನು, ಏನನ್ನು ನೋಡುತ್ತದೋ ಅದು ಅದಕ್ಕೆ 'ನಮ್ಮದು'. ಆಮೇಲೆ ಕಂಡದ್ದು ಸಂಶಯ. ಆಷಾಢದ ಜಡಿಮಳೆಯಲ್ಲಿ ತಂದ ಮರಿ ಆ ಎರಡು ತಿಂಗಳಲ್ಲಿ ಮನೆಯ ನಾಲ್ಕು ಜನರನ್ನು ಬಿಟ್ಟು ಯಾರನ್ನು ನೋಡೀತು?

ಎಂಟು ವಾರ ತಾಯಿಯ ಜೊತೆ ಇದ್ದ ಮರಿ ತನ್ನಿ. ತಾಯಿ ಎಗರುವ ನಾಯಿಯಾದರೆ ಬೇರೆ ಮರಿ ನೋಡಿ. ಲಸಿಕೆ ಪೂರ್ತಿ ಆಗುವವರೆಗೆ ಬೀದಿನಾಯಿಗಳ ನೆಲ ಮುಟ್ಟಿಸದೆ ಎತ್ತಿಕೊಂಡೇ ಹಾಲಿನ ಡೈರಿಗೆ, ರೇಶನ್ ಅಂಗಡಿಗೆ ಒಯ್ಯಿರಿ. ಮನೆಯಲ್ಲೇ ಯಾರಾದರೂ ಕೊಪ್ಪೆ ಹಾಕಿ, ಹೆಲ್ಮೆಟ್ ಹಾಕಿ ಅದರ ಎದುರು ಓಡಾಡಲಿ. ಹುಲ್ಲು ಕತ್ತರಿಸುವ ಯಂತ್ರವನ್ನು ದೂರದಲ್ಲಿ ಶುರು ಮಾಡಿ, ದೋಸೆ ಚೂರು ಕೊಡುತ್ತಾ ತೋರಿಸಿ. ಕೆಲಸದವರು ಊಟಕ್ಕೆ ಕುಳಿತಾಗ ಮರಿಯನ್ನು ಅವರ ನಡುವೆ ಬಿಡಿ. ಮರಿಯ ಕಾಲದಲ್ಲಿ ಮಾತ್ರ ಅವರ ಕೈಯಿಂದಲೂ ತುತ್ತು ತಿನ್ನಿಸಬಹುದು.